ಒದ್ದೆ ಮಣ್ಣಿನ ಮೇಲೆ ಭಾವನ ಕಾರು

ಹಳೆಯ ಕಾರು ಕೊಳ್ಳಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಬಣ್ಣ ನೋಡಿ ಮರುಳಾಗಬೇಡಿ. ಬಣ್ಣವನ್ನು ಯಾರು ಬೇಕಾದರೂ ಬಳಿಯಬಹುದು. ಬಾಗಿಲನ್ನು ಮೆಲ್ಲಗೆ ಮುಚ್ಚಿ, ಅದರ ಸುತ್ತಲಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದೆಯೇ ನೋಡಿ. ಆಮೇಲೆ ನೆಲಕ್ಕೆ ಗೋಣಿತಾಟು ಹಾಸಿ, ಪಂಚೆ ಕೊಳೆಯಾದೀತೆಂದು ಹಿಂಜರಿಯದೆ ಕಾರಿನ ಅಡಿಗೆ ನುಗ್ಗಿ. ಅಲ್ಲಿ ಮುಂದಿನಿಂದ ಹಿಂದಿನವರೆಗೆ ಎರಡು ಉಕ್ಕಿನ ತೊಲೆಗಳು ಮಲಗಿರುತ್ತವೆ. ಕಾರಿನ ಭಾರವನ್ನೆಲ್ಲ ಹೊರುವುದು ಅವೇ. ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಮೆಕ್ಯಾನಿಕ್ಕುಗಳು ಆ ಚೌಕಟ್ಟಿಗೆ ಚಾಸಿ ಅನ್ನುತ್ತಿದ್ದರು. ಸಣ್ಣ ಡಿಕ್ಕಿಯಾದರೆ ಬಂಪರು ಮಡಚಿಕೊಳ್ಳುತ್ತದೆ, ಮಡ್‌ಗಾರ್ಡು ತಗ್ಗಾಗುತ್ತದೆ. ಬಡಿದು ಎಬ್ಬಿಸಿ ಬಣ್ಣ ಹಚ್ಚಿದರೆ ಮತ್ತೆ ಮದುಮಗನ ಹಾಗೆ ಕಾಣುತ್ತದೆ. ಆದರೆ ಏಟು ಚಾಸಿಗೆ ಇಳಿದಿದ್ದರೆ ಆ ಕಾರು ಏಡಿಯಂತೆ ಓರೆಯಾಗಿ ನಡೆಯುತ್ತದೆ. ಮೊದಲು ಟೈರು ತಿನ್ನುತ್ತದೆ, ಆಮೇಲೊಂದು ದಿನ ಮನುಷ್ಯರನ್ನೂ ತಿನ್ನುತ್ತದೆ. ಮಾರುವವನು ಬೇಗ ಬೇಗ ಮಾತಾಡುತ್ತಿದ್ದರೆ ನೀವು ಇನ್ನೂ ಸ್ವಲ್ಪ ಹೊತ್ತು ಅಡಿಯಲ್ಲೇ ಮಲಗಿರಿ. ನಾನು ಮಾರುವವನಾಗಿದ್ದಾಗ ಹಾಗೆ ಮಲಗಿಬಿಟ್ಟವರನ್ನು ಕಂಡರೆ ಕಾಫಿ ತರಿಸಿ ಮೇಲಕ್ಕೆ ಕರೆಯುತ್ತಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಎಷ್ಟೋ ಕಾರುಗಳ ಅಡಿಯಲ್ಲಿ ನಾನೂ ಮಲಗಿದ್ದೇನೆ. ಚಾಸಿ ನೆಟ್ಟಗಿರಲಿ ಎಂದು ಹಾರೈಸಿದ್ದೇ ಹೆಚ್ಚು. ಡೊಂಕಾಗಿರಲಪ್ಪಾ ದೇವರೇ ಎಂದು ಬೇಡಿಕೊಂಡದ್ದು ಒಂದೇ ಒಂದು ಸಲ. ಅದು ನನ್ನ ಅಕ್ಕನ ಗಂಡನ ಕಾರು.

ನಮ್ಮದು ಕೃಷ್ಣರಾಜಪುರದಿಂದ ಆಚೆಗಿನ ಒಂದು ಹಳ್ಳಿ. ಅಪ್ಪ ಎತ್ತಿನ ದಲ್ಲಾಳಿ. ಅವರು ತೀರಿಕೊಂಡ ಮೇಲೆ ಜೋಗುಪಾಳ್ಯದಲ್ಲಿದ್ದ ಅಕ್ಕನ ಮನೆಗೆ ಬಂದು ಬಿದ್ದೆ. ಅನ್ನ ಹಾಕಿದವಳು ಅಕ್ಕ, ಕೈಗೆ ಕಸುಬು ಕೊಟ್ಟವರು ಭಾವ. ದಂಡಿನ ರೈಲ್ವೆ ಸ್ಟೇಷನ್ ಮುಂದಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವರ ಕಾರು ನಿಲ್ಲುತ್ತಿತ್ತು. ಕಾರು ಓಡಿಸುವುದನ್ನು ಅವರೇ ಕಲಿಸಿದರು. ಗೇರು ಕಿರ್ರೆಂದರೆ ತಲೆಗೆ ಮೊಟಕುತ್ತಿದ್ದರು. ನನಗೋ ಓಡಿಸುವುದಕ್ಕಿಂತ ಮಾರುವುದರಲ್ಲೇ ರುಚಿ. ಸವೆದ ಟೈರು ಕೊಂಡು ಚಪ್ಪಲಿ ಹೊಲಿಯುವವರಿಗೆ ಮಾರಿದೆ. ಆಮೇಲೆ ಹಾರ್ನು, ದೀಪ, ರೇಡಿಯೇಟರು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಇಡೀ ಕಾರನ್ನೇ ಕೊಂಡು ಮಾರುವಷ್ಟು ಬೆಳೆದಿದ್ದೆ. ಈಗ ಶಿವಾಜಿನಗರ ಅನ್ನುತ್ತಾರಲ್ಲ, ಆಗ ಅದು ಬ್ಲಾಕ್‌ಪಳ್ಳಿ. ಅಲ್ಲಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ತಗಡಿನ ಅಂಗಡಿ. ತಮಿಳಿನಲ್ಲಿ ಕೊಂಡು, ದಖನಿ ಉರ್ದುವಿನಲ್ಲಿ ಜಗಳವಾಡಿ, ಹರಕು ಇಂಗ್ಲಿಷಿನಲ್ಲಿ ಮಾರಿ, ಸಂಜೆ ಕನ್ನಡದಲ್ಲಿ ಮನೆಗೆ ಬರುತ್ತಿದ್ದೆ.

ಭಾವ ನನ್ನಂಥವರಲ್ಲ. ಮಾತು ಕಡಿಮೆ. ಬೇರೆಯವರ ಕಾರನ್ನು ವರ್ಷಗಟ್ಟಲೆ ಓಡಿಸಿ, ಕೊನೆಗೆ ಸ್ವಂತದ್ದೊಂದು ಮಾಡಿಕೊಂಡಿದ್ದರು. ಕಪ್ಪು ಬಣ್ಣದ ದೊಡ್ಡ ಕಾರು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಾದಾಗ ಅದರ ಬೆನ್ನಿಗೆ ಇದ್ದಿಲು ಗ್ಯಾಸಿನ ಪೀಪಾಯಿ ಕಟ್ಟಿಸಿ, ಮುಖವೆಲ್ಲ ಮಸಿ ಮಾಡಿಕೊಂಡು ಓಡಿಸಿದ್ದರೇ ಹೊರತು ಒಂದು ದಿನವೂ ಮನೆ ಮುಂದೆ ನಿಲ್ಲಿಸಿರಲಿಲ್ಲ. ಟ್ಯಾಕ್ಸಿ ಓಡಿಸಲು ಪೊಲೀಸರು ಕೊಟ್ಟಿದ್ದ, ಖಾಕಿ ಕೋಟಿನ ಮೇಲಿನ ಹಿತ್ತಾಳೆ ಬಿಲ್ಲೆಯನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಸ್ಟ್ಯಾಂಡಿನವರಿಗೆಲ್ಲ ಅವರು ಉಸ್ತಾದ್. ಹಲಸೂರಿನಲ್ಲಿ ಯಾವ ಮನೆಯ ಹೆಣ್ಣುಮಗಳಿಗೆ ನೋವು ಕಾಣಿಸಿಕೊಂಡರೂ ಆಸ್ಪತ್ರೆಗೆ ಕರೆದೊಯ್ಯಲು ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಗುಂಡಿಗೆ ಇಳಿಸಿದರೂ ಒಳಗೆ ಕೂತವರಿಗೆ ಗೊತ್ತಾಗದ ಹಾಗೆ ಓಡಿಸುತ್ತಾರೆ ಎಂದು ಹೆಸರು.

ಯುದ್ಧ ಮುಗಿದ ಮಾರನೆಯ ವರ್ಷದ ಬೇಸಿಗೆಯಲ್ಲಿ, ಹಳೇ ಮದರಾಸು ರಸ್ತೆಯ ಎಡಕ್ಕೆ ನಿಂತಿದ್ದ ಇಟ್ಟಿಗೆ ಗಾಡಿಯೊಂದಕ್ಕೆ ಭಾವನ ಕಾರು ತಾಗಿತು. ದೊಡ್ಡದೇನಲ್ಲ. ಗಾಡಿಯ ಅಚ್ಚಿನ ತುದಿ ಎಡ ಮಡ್‌ಗಾರ್ಡನ್ನು ಗೀರಿತು, ಬಂಪರಿನ ತುದಿ ಒಳಕ್ಕೆ ಹೋಯಿತು. ಗಾಡಿಯವನು ಎರಡು ಮಾತು ಬೈದ, ಭಾವ ತಿರುಗಿ ಒಂದು ಬೈದರು, ಮುಗಿಯಿತು. ಆದರೆ ಅವತ್ತಿನಿಂದ ಕಾರು ಎಡಕ್ಕೆ ಎಳೆಯುತ್ತಿದೆ ಎಂದು ಭಾವ ಹೇಳತೊಡಗಿದರು. ಒಂದು ಬಂಗಲೆಯ ಗೇಟಿನ ಕಂಬವನ್ನು ಸವರಿಕೊಂಡು ಬಂದರು. ಸ್ಟ್ಯಾಂಡಿನಲ್ಲೇ ಜಟಕಾ ಒಂದರ ಚಕ್ರಕ್ಕೆ ತಗುಲಿಸಿ, ಕುದುರೆ ಬೆದರಿ ದೊಡ್ಡ ರಂಪವಾಯಿತು. ಎಲ್ಲವೂ ಎಡಗಡೆಯೇ.

ಸ್ಟ್ಯಾಂಡಿನಲ್ಲಿ ಕಾರುಗಳ ಸರದಿ ನೋಡಿಕೊಳ್ಳುತ್ತಿದ್ದ ತಮಿಳರ ಹಿರಿಯರೊಬ್ಬರು ನನ್ನ ಅಂಗಡಿಗೆ ಬಂದರು.

"ತಂಬಿ, ಬೇಜಾರ್ ಮಾಡ್ಕೋಬೇಡ. ಇನ್ನೊಂದ್ಸಲ ತಗುಲ್ತು ಅಂದ್ರೆ ಪೊಲೀಸ್ನೋರು ನಿಮ್ ಭಾವನ ಬಿಲ್ಲೆ ಕಿತ್ಕೋತಾರೆ. ಗಾಡಿ ಕೆಟ್ಟಿದ್ರೆ ರಿಪೇರಿ ಮಾಡ್ಸು. ಗಾಡಿ ಕೆಟ್ಟಿಲ್ಲ ಅಂದ್ರೆ..." ಎಂದವರು ವೀಳ್ಯದೆಲೆಯ ತೊಟ್ಟು ಮುರಿದರು.

"ಗಾಡಿನೇ ಕೆಟ್ಟಿರೋದು," ಅಂದೆ.

"ಮುರುಗಾ, ಹಾಗೇ ಇರ್ಲಿ. ಅದು ಗೊತ್ತಾಗೋವರ್ಗೂ ಸಾಲಿಗೆ ಬಿಡಲ್ಲಪ್ಪ. ನಮಗೂ ಹೊಟ್ಟೆ ಉರಿಯತ್ತೆ, ಆದ್ರೆ ಹತ್ತೋ ಜನದ ಜೀವ ಅಲ್ವಾ."

ಚಾಸಿ ಬಾಗಿದ್ದರೆ ಕಾಯಿಸಿ ನೆಟ್ಟಗೆ ಮಾಡಬಹುದು. ಭಾವ ಮತ್ತೆ ಸಾಲಿಗೆ ಬರುತ್ತಾರೆ. ಬಾಗಿಲ್ಲವೆಂದರೆ ದೋಷ ಓಡಿಸುವವರದು. ಅಲ್ಲಿಗೆ ಅವರ ಸ್ಟಿಯರಿಂಗು ಮುಗಿಯಿತು. ಮೂರನೆಯ ದಾರಿ ಇರಲಿಲ್ಲ. ಯಾವ ವ್ಯಾಪಾರದಲ್ಲೂ ಮೂರನೆಯ ದಾರಿಯೊಂದನ್ನು ಹುಡುಕಿ ತೆಗೆಯುವವನು ನಾನು. ಹುಡುಕಿದೆ. ಸಿಗಲಿಲ್ಲ.

ಅದಾದ ಮೇಲೆ ಅಕ್ಕ ಬಂದಳು. ನನ್ನ ಗಲ್ಲಿಗೆ ಕಾಲಿಡದಿದ್ದವಳು ಸೆರಗು ಹೊದ್ದುಕೊಂಡು, ಹಳೇ ರೇಡಿಯೇಟರುಗಳ ನಡುವೆ ದಾರಿ ಮಾಡಿಕೊಂಡು ಬಂದು ನಿಂತಳು.

"ಏನಕ್ಕಾ, ಇಲ್ಲೀವರ್ಗೂ?"

"ನಿಮ್ ಭಾವ ದಿನಾ ಉಪ್ಪು ಕೇಳ್ತಾರೆ ಕಣೋ."

"ಹಾಕು. ಉಪ್ಪಿಗೇನು ಬರವಾ?"

"ಹಾಕಿರ್ತೀನಿ. ಎಲೆ ಎಡಗಡೆ ತುದೀಲಿ, ಎಲ್ರ ಮನೇಲೂ ಹಾಕೋ ಜಾಗದಲ್ಲೇ. ಉಪ್ಪಿನಕಾಯಿನೂ ಅಲ್ಲೇ ಇರತ್ತೆ. ಎಲೆ ಮುಂದೆ ಕೂತ್ಕೊಂಡು 'ಉಪ್ಪೆಲ್ಲೇ' ಅಂತಾರೆ. ನಾನು ಎಲೆ ತಿರುಗಿಸಿ ಉಪ್ಪು ಬಲಗಡೆಗೆ ತಂದ್ರೆ 'ಹಾಂ, ಈಗ ಹಾಕಿದ್ಯಾ' ಅಂತಾರೆ." ಅಕ್ಕ ಧ್ವನಿ ತಗ್ಗಿಸಿದಳು. "ಅವತ್ತು ತಲೆನೋವು ಅಂತ ವಾಂತಿ ಮಾಡ್ಕೊಂಡು ಮಲಗಿದ್ರಲ್ಲ, ಪಿತ್ತ ಅಂತ ನಿಂಬೆಹಣ್ಣು ಹಿಂಡಿ ಕೊಟ್ಟೆನಲ್ಲ, ಅವತ್ತಿಂದ ಹಿಂಗೆ. ಇಟ್ಟಿಗೆ ಗಾಡಿಗೆ ತಾಗ್ಸೋಕ್ ಮುಂಚೆನೇ."

ಅಕ್ಕನ ಹತ್ತಿರವೂ ಚೌಕಾಸಿಗೆ ಇಳಿದೆ. "ಎಡಕ್ಕೆ ಎಳೆಯೋ ಕಾರು ಹಿಡಿದೂ ಹಿಡಿದೂ ಕತ್ತು ಬಿಗಿದಿರತ್ತಕ್ಕಾ. ಚಾಸಿ ಸರಿಹೋದ್ರೆ ಕತ್ತೂ ಸರಿಹೋಗತ್ತೆ."

"ನೀನು ಗಿರಾಕಿಗಳಿಗೆ ಹೇಳೋ ಹಾಗೆ ನಂಗೆ ಹೇಳ್ಬೇಡ," ಅಂದಳು. "ಕಾರು ನೋಡಿ ಏನ್ ಹೇಳ್ಬೇಕೋ ಹೇಳು. ನಾಲ್ಕು ಜನದ ಮುಂದೆ ಅವ್ರನ್ನ ಸಣ್ಣೋರನ್ನ ಮಾಡ್ಬೇಡ, ಅಷ್ಟೆ."

ಮಾರನೆಯ ದಿನ ಕಾರನ್ನು ಮೇಸ್ತ್ರಿ ಸಾಬರ ಶೆಡ್ಡಿಗೆ ನಾನೇ ಓಡಿಸಿಕೊಂಡು ಹೋದೆ. ಭಾವ ಪಕ್ಕದಲ್ಲಿ ಕೂತಿದ್ದರು.

"ಎಳೀತಿದೆಯಾ?" ಎಂದು ಕೇಳಿದರು.

ನನ್ನ ಕೈಗೆ ಏನೂ ತಿಳಿಯುತ್ತಿರಲಿಲ್ಲ. ಬಿಟ್ಟರೆ ತಾನೇ ನೆಟ್ಟಗೆ ಹೋಗುವಂಥ ಕಾರು. "ಟೈರಲ್ಲಿ ಗಾಳಿ ಕಮ್ಮಿ ಇದೆ ಭಾವ, ಈಗ್ಲೇ ಹೇಳಕ್ಕಾಗಲ್ಲ," ಅಂದೆ.

"ನಿನ್ ಕೈಗೆ ಏನ್ ತಿಳಿಯತ್ತೆ ಬಿಡು. ಎಮ್ಮೆ ಹೊಡೆಯೋ ಕೈ," ಎಂದು ನಕ್ಕರು.

ಮೇಸ್ತ್ರಿ ಸಾಬರು ನನ್ನ ಅಂಗಡಿಯ ಮಗ್ಗುಲಿನವರೇ. ಮನೆಯಲ್ಲಿ ದಖನಿ, ನಮ್ಮೊಡನೆ ಅದನ್ನೇ ಬೆರೆಸಿದ ಕನ್ನಡ. ಬಾಗಿದ ಚಾಸಿಯನ್ನು ಕುಲುಮೆಯ ಕೆಂಡದಲ್ಲಿ ಕಾಯಿಸಿ ನೆಟ್ಟಗೆ ಮಾಡುವುದೇ ಅವರ ಕಸುಬು. ಇಬ್ಬರೂ ಅಡಿಗೆ ನುಗ್ಗಿದೆವು. ಮೊದಲು ನೋಡಬೇಕಾದ್ದು ಮಣ್ಣನ್ನು. ತೊಲೆ ಬಾಗಿದ ಕಡೆ ಹಳೆಯ ಮಣ್ಣು ಚಕ್ಕೆ ಚಕ್ಕೆಯಾಗಿ ಉದುರಿರುತ್ತದೆ. ಉದುರಿರಲಿಲ್ಲ. ಆಮೇಲೆ ರಿವೆಟ್ಟುಗಳು, ಅಲುಗಾಡಿದ್ದರೆ ಸುತ್ತ ಹೊಸ ತುಕ್ಕು ಕಾಣಬೇಕು. ಕಾಣಲಿಲ್ಲ. ಗ್ಯಾಸಿನ ಪೀಪಾಯಿಯ ಭಾರ ಕೂತಿದ್ದ ಹಿಂದಿನ ತುದಿಯನ್ನು ಬೆರಳಿಂದ ತಡವಿದೆವು. ಒಂದು ಸುಕ್ಕೂ ಇಲ್ಲ.

ಇನ್ನು ಉಳಿದದ್ದು ದಾರದ ಪರೀಕ್ಷೆ. ಇದನ್ನು ನೀವೂ ಮಾಡಬಹುದು, ಗಾರೆ ಕೆಲಸದವರ ತೂಗುಗುಂಡು, ಸೀಮೆಸುಣ್ಣ, ಎಳೆದರೂ ಹಿಗ್ಗದ ದಾರ ಇದ್ದರೆ ಸಾಕು. ಚಾಸಿಯ ನಾಲ್ಕು ಮೂಲೆಗಳಿಂದ ಗುಂಡು ಇಳಿಬಿಟ್ಟು, ಅದು ಮುಟ್ಟಿದಲ್ಲಿ ನೆಲಕ್ಕೆ ಗುರುತು ಹಾಕಿ, ಕಾರನ್ನು ಆಚೆ ತಳ್ಳಿಬಿಡಿ. ಈಗ ಗುರುತಿನಿಂದ ಗುರುತಿಗೆ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ದಾರ ಎಳೆದು ಗಂಟು ಹಾಕಿ. ಅದೇ ದಾರವನ್ನು ಇನ್ನೆರಡು ಮೂಲೆಗಳ ನಡುವೆ ಹಿಡಿಯಿರಿ. ಗಂಟು ಗುರುತಿನ ಮೇಲೇ ಬಿದ್ದರೆ ಚಾಸಿ ನೆಟ್ಟಗಿದೆ. ಆಚೀಚೆ ಬಿದ್ದರೆ ಆ ಕಾರು ಬಿಟ್ಟು ಎದ್ದುಬನ್ನಿ.

ಗಂಟು ಗುರುತಿನ ಮೇಲೇ ಬಿತ್ತು. ಸಾಬರು ಗಡ್ಡ ಕೆರೆದುಕೊಂಡರು. ಇನ್ನೊಮ್ಮೆ ಹಿಡಿದೆವು. ಮತ್ತೆ ಅಲ್ಲೇ.

"ಏನ್ ಬಂತ್ರೋ?" ಎಂದು ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ಭಾವ ಕೂಗಿದರು.

ಸಾಬರು ನನ್ನ ಮುಖ ನೋಡಿದರು. "ನೆಲ ಬರಾಬರ್ ಇಲ್ಲ ಉಸ್ತಾದ್, ದಾರ ಸುಳ್ಳು ಹೇಳ್ತದೆ," ಅಂದರು.

ಆ ಸುಳ್ಳಿಗೆ ನಾನು ಜೋತುಬಿದ್ದೆ. ನೆಲ ನಿಜಕ್ಕೂ ಸಮ ಇಲ್ಲದಿರಬಹುದಲ್ಲ? ದಾರ ನಂಬದಿದ್ದರೆ ನಂಬಬೇಕಾದ್ದು ನಡೆಯನ್ನು. "ಒದ್ದೆ ಮಣ್ಣಿನ ಮೇಲೆ ನಡೆಸಿ ನೋಡೋಣ ಭಾವ," ಅಂದೆ.

ಇದು ನನ್ನ ಅಪ್ಪನ ವಿದ್ಯೆ. ಎತ್ತು ಕೊಳ್ಳುವ ಮೊದಲು ಅಪ್ಪ ಅದನ್ನು ಕೆರೆಯಂಚಿನ ಒದ್ದೆ ಮಣ್ಣಿನಲ್ಲಿ ನಡೆಸುತ್ತಿದ್ದರು. ಹಿಂಗಾಲು ಮುಂಗಾಲಿನ ಹೆಜ್ಜೆಯ ಮೇಲೇ ಬೀಳಬೇಕು. ಪಕ್ಕಕ್ಕೆ ಬಿದ್ದರೆ ಸೊಂಟದಲ್ಲಿ ಏನೋ ಇದೆ. ಹಾಗೆ ಎರಡು ಸಲ ನಡೆಸುವುದು ಪದ್ಧತಿ. ಮೊದಲ ನಡೆಯಲ್ಲಿ ಹಗ್ಗ ಹೊರಗಿನವರ ಕೈಯಲ್ಲಿರುತ್ತದೆ, ಎರಡನೆಯ ನಡೆಯಲ್ಲಿ ಯಜಮಾನನ ಕೈಯಲ್ಲಿ. ಎರಡರಲ್ಲೂ ಕುಂಟಿದರೆ ದೋಷ ಎತ್ತಿನದು. ಹೊರಗಿನವನ ಕೈಯಲ್ಲಿ ನೆಟ್ಟಗೆ ನಡೆದು ಯಜಮಾನನ ಕೈಯಲ್ಲಿ ಓರೆಯಾದರೆ ದೋಷ ಹಗ್ಗ ಹಿಡಿದವನದು. ಈ ಎರಡು ನಡೆಯನ್ನು ನಾನು ಕಾರಿಗೂ ತಂದಿದ್ದೆ. ದಂಡಿನ ದಲ್ಲಾಳಿಗಳು ಮೊದಲು ನಕ್ಕರು, ಆಮೇಲೆ ಎಲ್ಲರೂ ಕಲಿತರು. ಕಾರಿನ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲೇ ಬಂದರೆ ಸರಿ. ಜಾಡು ಎರಡಾಗಿ ಬಿದ್ದರೆ ಅದು ಏಡಿ.

ಹಲಸೂರು ಕೆರೆಯ ನೀರು ಬೇಸಿಗೆಗೆ ಹಿಂದೆ ಸರಿದು, ಅಂಚಿನಲ್ಲಿ ಹದವಾದ ಮಣ್ಣು ಹಾಸಿಕೊಂಡಿತ್ತು. ಸಾಬರು ಕೋಲಿನಿಂದ ಉದ್ದಕ್ಕೆ ಗೆರೆ ಎಳೆದರು. ಗೆರೆಯ ಎಡಕ್ಕೆ ನಡುದಾರಿಯಲ್ಲಿ, ಶೆಡ್ಡಿನಿಂದ ತಂದಿದ್ದ ಇದ್ದಿಲಿನ ಬುಟ್ಟಿಯನ್ನು ಬೋರಲು ಹಾಕಿದರು. ಬುಟ್ಟಿ ಎಡಕ್ಕೆ ಬಿಟ್ಟು ಗೆರೆ ಹಿಡಿದು ಬರಬೇಕು, ಅಷ್ಟೆ.

ಮೊದಲ ನಡೆ ನನ್ನದು. ಇಳಿದು ಬಂದು ನೋಡಿದರೆ, ಎಡ ಚಕ್ರಗಳಿಗೆ ಒಂದೇ ಜಾಡು, ಬಲ ಚಕ್ರಗಳಿಗೆ ಒಂದೇ ಜಾಡು. ಹಿಂದಿನ ಚಕ್ರ ಮುಂದಿನದರ ಮೇಲೆ ಅಚ್ಚೊತ್ತಿದ ಹಾಗೆ ಕೂತಿತ್ತು. ಅಂಥ ನೆಟ್ಟನೆಯ ಕಾರನ್ನು ನಾನು ಅಪರೂಪಕ್ಕೆ ಕಂಡಿದ್ದೆ. ಬೇರೆ ಯಾರದಾದರೂ ಆಗಿದ್ದರೆ ಅಲ್ಲೇ ಬೆಲೆ ಮಾತಾಡುತ್ತಿದ್ದೆ.

ಅಷ್ಟಕ್ಕೇ ನಿಲ್ಲಬೇಕಿತ್ತೇನೋ. ಆದರೆ ಭಾವ ಏರಿಯಿಂದ ಇಳಿದು ಬಂದಿದ್ದರು, ಕೈಗೆ ಅಭ್ಯಾಸವಾಗಿದ್ದ ಪದ್ಧತಿ ಬಾಯಿಗೆ ಬಂತು. "ಎರಡ್ನೇ ನ‌ಡೆ ನಿಮ್ದು ಭಾವ."

"ನಾನೇನು ಎತ್ತಿನ ಯಜಮಾನನೇನೋ?"

"ಮತ್ತಿನ್ನೇನು?"

"ಹಂಗಾದ್ರೆ ನಿಮ್ಮಪ್ಪನ ಹಾಗೆ ಹಲ್ಲೂ ಎಣಿಸ್ಬಿಡು," ಎಂದು ಬಾನೆಟ್ಟಿನ ಮೇಲೆ ತಟ್ಟಿದರು. ಸಾಬರು ನಕ್ಕರು. ಭಾವ ಚಪ್ಪಲಿ ಕಳಚಿ ಹತ್ತಿ, ಸ್ಟಿಯರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಎಷ್ಟು ಚೆನ್ನಾಗಿ ಹೊರಟರೆಂದರೆ, ಇಂಜಿನ್ನಿಗೇ ತಾನು ಹೊರಟದ್ದು ಗೊತ್ತಾಗಿರಲಿಕ್ಕಿಲ್ಲ. ಸ್ವಲ್ಪ ದೂರ ಗೆರೆಯ ಮೇಲೇ ಬಂದರು. ಆಮೇಲೆ ಕಾರು ಮೆಲ್ಲಮೆಲ್ಲಗೆ, ನಿದ್ದೆಯಲ್ಲಿ ಹೊರಳುವವರ ಹಾಗೆ, ಎಡಕ್ಕೆ ವಾಲಿತು. ಸಾಬರು "ಅರೆ ಅರೆ" ಎಂದರು. ಬುಟ್ಟಿ ಲಟಕ್ಕೆಂದು ಮುರಿದು ಅಡಿಗೆ ಸಿಕ್ಕಿಕೊಂಡಿತು. ಅದನ್ನು ಎಳೆದುಕೊಂಡೇ ಕಾರು ನಾವಿದ್ದಲ್ಲಿಗೆ ಬಂದು, ನೀರು ತುಂಬಿದ ಕೊಡ ಇಳಿಸಿದಷ್ಟು ಮೆತ್ತಗೆ ನಿಂತಿತು.

ಭಾವ ಬಲಗಡೆಯ ಬಾಗಿಲಿನಿಂದ ಇಳಿದರು. ಮುಖ ಅರಳಿತ್ತು.

"ಯಾಕ್ರೋ ಬುಟ್ಟಿ ಎತ್ಬಿಟ್ರಿ? ಇದ್ದಿದ್ರೆ ಅದರ ಮಗ್ಗುಲಲ್ಲೇ, ಸೋಕದ ಹಾಗೆ ತರ್ತಿದ್ದೆ."

ಅಡಿಯಿಂದ ಇಣುಕುತ್ತಿದ್ದ ಬುಟ್ಟಿಯ ಚೂರನ್ನು ಕಾಲಿನಿಂದ ಒಳಕ್ಕೆ ತಳ್ಳಿದೆ. ಸಾಬರೇ ಮುಂದೆ ಬಂದರು.

"ಹೌ ಉಸ್ತಾದ್, ನಾನೇ ಎತ್ತಿದೆ. ಬುಟ್ಟಿ ನಮ್ಮ ಮನೆಯವಳದು, ಏನಾದ್ರೂ ಆದ್ರೆ ಜಾನ್ ತಿಂತಾಳೆ." ಆಮೇಲೆ ಬಗ್ಗಿ ಜಾಡು ನೋಡುವ ಹಾಗೆ ಮಾಡಿ, "ಚಾಸಿ ಥೋಡಾ ಬಾಗಿದೆ. ಶೆಡ್ಡಲ್ಲಿ ಬಿಡಿ. ಕಾಯ್ಸಿ ಎಳೀತೀನಿ," ಅಂದರು.

ಜಾಡನ್ನು ನಾನು ಆಗಲೇ ನೋಡಿದ್ದೆ. ಹಿಂದಿನ ಚಕ್ರ ಮುಂದಿನದರ ಮೇಲೇ, ಒಂದು ಕೂದಲೆಳೆ ಆಚೀಚೆ ಇಲ್ಲದೆ, ಇಡೀ ಜಾಡು ಎಡಕ್ಕೆ ಬಾಗಿಕೊಂಡು ಬುಟ್ಟಿಯಿದ್ದ ಜಾಗದ ಮೇಲೆ ಹಾದುಹೋಗಿತ್ತು.

"ನಾನ್ ಹೇಳ್ಲಿಲ್ವಾ!" ಎಂದು ಭಾವ ನನ್ನ ಬೆನ್ನಿಗೆ ಹೊಡೆದರು. ಹಲಸೂರು ಬಜಾರಿನ ಹೋಟೆಲಿನಲ್ಲಿ ನಮ್ಮಿಬ್ಬರಿಗೂ ಕಾಫಿ ಕುಡಿಸಿದರು. ಆ ಸಂಜೆಯೇ ಸ್ಟ್ಯಾಂಡಿಗೆ ಹೋಗಿ, ಚಾಸಿ ಬಾಗಿದೆಯಂತೆ, ಅಷ್ಟೆ ವಿಷಯ ಎಂದು ಎಲ್ಲರಿಗೂ ಹೇಳಿ ಬಂದರು.

ವ್ಯಾಪಾರದಲ್ಲಿ ಮೊದಲು ಬಾಯಿ ಬಿಟ್ಟವನು ಸೋತ ಎಂದು ನಾನು ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ. ಮನೆಯವರ ವಿಷಯದಲ್ಲಿ ಆ ಬುದ್ಧಿವಾದ ನಡೆಯುವುದಿಲ್ಲ, ನೆನಪಿಟ್ಟುಕೊಳ್ಳಿ. ಸುಮ್ಮನಿದ್ದಷ್ಟೂ ಮಾತು ಭಾರವಾಗುತ್ತಾ ಹೋಗುತ್ತದೆ.

ಭಾವ ಬೆಳಗಾದರೆ ಶೆಡ್ಡಿಗೆ ಹೋಗಿ ಕಾರಿನ ಪಕ್ಕ ಕೂರುತ್ತಿದ್ದರು. "ಕುಲುಮೆ ಯಾವಾಗ ಹಚ್ತೀರಿ ಸಾಬ್?" ಇದ್ದಿಲು ಬಂದಿಲ್ಲ ಎಂದರು ಸಾಬರು. ಇದ್ದಿಲು ಬಂತು. ತಿದಿಯ ಚರ್ಮ ಹರಿದಿದೆ ಎಂದರು. ಭಾವ ತಾವೇ ಕೂತು ಚರ್ಮ ಹೊಲಿದುಕೊಟ್ಟರು. ಇನ್ನು ಯಾವ ನೆಪವೂ ಉಳಿಯದ ಬೆಳಿಗ್ಗೆ ನಾನು ಅತ್ತ ಹೋದಾಗ, ಕಾರನ್ನು ಆಚೆ ತಳ್ಳಿದ್ದರು. ನೆಲದ ಮೇಲೆ ಸೀಮೆಸುಣ್ಣದ ಹೊಸ ಗುರುತುಗಳು. ದಾರದ ಒಂದು ತುದಿ ಭಾವನ ಕೈಯಲ್ಲಿ, ಇನ್ನೊಂದು ಸಾಬರ ಕೈಯಲ್ಲಿ. ಸಾಬರು ನನ್ನ ಕಡೆ ನೋಡಿ, ನಾನೇನು ಮಾಡಲಿ ಎಂಬಂತೆ ಭುಜ ಕುಣಿಸಿದರು.

ಭಾವ ಗಂಟು ಹಾಕಿದರು. ಎದುರು ಮೂಲೆಗಳಿಗೆ ಹಿಡಿದರು. ಗುರುತು ಸಿಗದೆ, ಎಡಕ್ಕೆ ಪೂರ್ತಿ ಕತ್ತು ತಿರುಗಿಸಿ ಹುಡುಕಿ ಹಿಡಿದರು. ಗಂಟು ಬಿಚ್ಚಿ ಮತ್ತೆ ಹಾಕಿದರು. ಮತ್ತೆ ಹಿಡಿದರು. ಆಮೇಲೆ ದಾರವನ್ನು ಬೆರಳಿಗೆ ಸುತ್ತುತ್ತಾ ಸುತ್ತುತ್ತಾ ಬಂದು ಸಾಬರ ಕೈಗೆ ಕೊಟ್ಟರು.

"ದಾರ ಚೆನ್ನಾಗಿದೆ ಸಾಬ್. ಸುಳ್ಳು ಹೇಳಲ್ಲ."

ಸಾಬರು ಕಣ್ಣೊರೆಸಿಕೊಂಡು ಕುಲುಮೆಯ ಕಡೆ ಹೋದರು. ಭಾವ ನನ್ನ ಕಡೆ ತಿರುಗಿದರು.

"ಆ ಬುಟ್ಟಿ ಏನಾಯ್ತು?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಾಗಲಿಲ್ಲ. "ಚಕ್ರಕ್ಕೆ ಸಿಕ್ತು ಭಾವ," ಅಂದೆ.

"ಹೂಂ." ಕೈಗಂಟಿದ್ದ ಸೀಮೆಸುಣ್ಣ ಒರೆಸಿಕೊಂಡರು. "ಸಾಬ್ರ ಮನೆಯವ್ರಿಗೆ ಹೊಸದೊಂದು ತಂದ್ಕೊಡು. ಮತ್ತೆ... ಗಿರಾಕಿ ನೋಡು."

ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದೀಪ ಬಿಟ್ಟು ನೋಡಿ ಡಾಕ್ಟರು, ಕಣ್ಣು ಎರಡೂ ಚೆನ್ನಾಗಿವೆ, ತಲೆಯೊಳಗೆ ರಕ್ತ ಕಟ್ಟಿ ಹೀಗಾಗಿದೆ, ಎರಡು ಕಣ್ಣಿಗೂ ಎಡಭಾಗ ಕಾಣುವುದಿಲ್ಲ, ಇದಕ್ಕೆ ಮದ್ದಿಲ್ಲ ಎಂದರು. ಇನ್ನೊಬ್ಬರ ಹತ್ತಿರ ಹೋಗೋಣ ಎಂದೆ. ಒಂದೇ ಅಂಗಡಿಯಲ್ಲಿ ವ್ಯಾಪಾರ ಮುಗಿಸುವವನಲ್ಲ ನಾನು. ಭಾವ ಬೇಡವೆಂದರು. ಪೊಲೀಸರು ಕೇಳುವ ಮೊದಲೇ ಹೋಗಿ ಬಿಲ್ಲೆ ಕೊಟ್ಟು ಬಂದರು. ಖಾಕಿ ಕೋಟಿನ ಮೇಲೆ ಅದಿದ್ದ ಜಾಗ ಮಾತ್ರ ಬಣ್ಣ ಮಾಸದೆ ದುಂಡಗೆ ಉಳಿದಿತ್ತು. ಅಕ್ಕ ಅದರ ಮೇಲೆ ಒಂದು ಜೇಬು ಹೊಲಿದುಕೊಟ್ಟಳು. ಆಮೇಲೆ ಬಹಳ ಕಾಲ ಬದುಕಿದರು. ನನ್ನ ಅಂಗಡಿಯಲ್ಲಿ ಕೂತು, ಇಂಜಿನ್ನಿನ ಸದ್ದು ಕೇಳಿ ಇಂಥ ಕಡೆ ಕೆಟ್ಟಿದೆ ಎನ್ನುತ್ತಿದ್ದರು. ಒಮ್ಮೆಯೂ ತಪ್ಪುತ್ತಿರಲಿಲ್ಲ. ಆದರೆ ಸ್ಟ್ಯಾಂಡಿನ ಕಡೆಗೆ ಮತ್ತೆ ಹೋಗಲಿಲ್ಲ; ರೈಲಿಗೆ ಹೋಗಬೇಕಾದರೂ ಹಿಂದಿನ ದಾರಿಯಿಂದ ಹೋಗುತ್ತಿದ್ದರು.

ಗಿರಾಕಿ ಸಿಕ್ಕಿದ್ದು ಹಲಸೂರಿನ ಒಬ್ಬ ಬಟ್ಟೆ ವ್ಯಾಪಾರಿ. ಕಾರನ್ನು ಜೋಗುಪಾಳ್ಯದ ಮನೆಯ ಮುಂದೆ, ಗಲ್ಲಿಯ ಒಳಗೆ ನಿಲ್ಲಿಸಿದ್ದೆ. ಕಾರು ಮಾರುವಾಗ ಯಜಮಾನನನ್ನು ಒಳಗೆ ಕೂರಿಸಬೇಕು. ಪ್ರೀತಿಯಿಂದ ಓಡಿಸಿದವನು ಹತ್ತಿರವಿದ್ದರೆ ಏನಾದರೂ ಒಂದು ಮಾತಾಡಿ ಬೆಲೆ ಇಳಿಸುತ್ತಾನೆ. ಅಕ್ಕನಿಗೆ ಹೇಳಿಯೂ ಇದ್ದೆ. ಭಾವ ಕೇಳಲಿಲ್ಲ. ಜಗಲಿಯ ಮೇಲೆ ಬಂದು ಕೂತರು. ಅಕ್ಕಪಕ್ಕದವರು ಕಾರು ಹೋಗುವುದನ್ನು ನೋಡಲು ಬಾಗಿಲಿಗೆ ಬಂದಿದ್ದರು.

ವ್ಯಾಪಾರಿ ಒಂದು ಸುತ್ತು ಬಂದು ಕೇಳಿದರು: "ಚಾಸಿ ಹೋಗಿದೆ ಅಂತ ಸ್ಟ್ಯಾಂಡಲ್ಲಿ ಹೇಳ್ತಾರಲ್ರೀ?"

"ಯಾರ್ ಹೇಳಿದ್ದು ಸ್ವಾಮಿ? ಹೊಟ್ಟೆಕಿಚ್ಚಿನೋರ ಮಾತು ಅದು."

"ಯಜಮಾನ್ರೇ ಹೇಳಿದ್ರಂತೆ."

ಸಿಕ್ಕಿಬಿದ್ದೆ. ಹೌದೆಂದರೆ ಕಾರು ಗುಜರಿಗೆ. ಇಲ್ಲವೆಂದರೆ, ಜಗಲಿಯ ಮೇಲೆ ಕೂತವರು ಊರಿಗೆಲ್ಲ ಸುಳ್ಳು ಹೇಳಿದ ಹಾಗೆ. ಒಂದು ಒಳ್ಳೆಯ ಉತ್ತರಕ್ಕಾಗಿ ನಗುತ್ತಾ ಹೊತ್ತು ದೂಡುತ್ತಿದ್ದೆ.

"ಹೇಳಿದ್ದೆ," ಎಂದರು ಭಾವ. ಜಗಲಿಯಿಂದ ಇಳಿದು ಬಂದರು. "ಆಗ ನಂಗೆ ಗೊತ್ತಿರ್ಲಿಲ್ಲ. ಚಾಸಿ ನೆಟ್ಟಗಿದೆ ಸ್ವಾಮಿ, ನಾನೇ ದಾರ ಹಿಡಿದು ನೋಡಿದ್ದೀನಿ. ಬೇಕಾದ್ರೆ ಈಗ್ಲೂ ಹಿಡಿದು ತೋರಿಸ್ತೀನಿ. ಇದು ಎಲ್ಲಿಗೂ ಎಳೆಯಲ್ಲ. ತಾಗ್ಸಿದ್ದು ನಾನು. ನಂಗೆ ಎಡಗಡೆ ಕಾಣ್ಸಲ್ಲ."

ಅಕ್ಕ ಕಾಫಿ ಲೋಟ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಿದ್ದಳು.

"ಅಯ್ಯೋ, ನಾನು ಸುಮ್ನೆ ಕೇಳ್ದೆ, ಬಿಡಿ ಯಜಮಾನ್ರೇ," ಎಂದರು ವ್ಯಾಪಾರಿ. ನಾನು ಹೇಳಿದ ಬೆಲೆಗೆ ಒಂದು ಮಾತೂ ಎದುರಾಡದೆ ಒಪ್ಪಿಕೊಂಡರು. ಚೌಕಾಸಿ ಇಲ್ಲದೆ ಮುಗಿದ ಅಂಥ ವ್ಯಾಪಾರ ನನಗೆ ಮತ್ತೆ ಸಿಗಲಿಲ್ಲ. ಸಿಗುವುದೂ ಬೇಡ.

ಗಲ್ಲಿ ಕಿರಿದು. ಕಾರನ್ನು ಹಿಂದಕ್ಕೇ ತೆಗೆಯಬೇಕು. ವ್ಯಾಪಾರಿ ಓಡಿಸುವುದಕ್ಕೆ ಹೊಸಬರು. ಭಾವ ಕಾರಿನ ಹಿಂದೆ ಹೋಗಿ, ಅದಕ್ಕೆ ಮುಖ ಮಾಡಿ ನಿಂತು ಕೈ ಎತ್ತಿದರು. "ಬನ್ನಿ, ಬನ್ನಿ. ಮೆಲ್ಲಗೆ. ಬಲಗಡೆ ಚಪ್ಪಡಿ ಇದೆ, ನೋಡ್ಕೊಳ್ಳಿ. ಬಲಗಡೆ ಮೆಟ್ಲು, ಹುಷಾರು." ಒಂದೊಂದು ಹೆಜ್ಜೆ ತಾವೂ ಹಿಂದೆ ಸರಿಯುತ್ತಿದ್ದರು. ಎಡಗಡೆ ತೆರೆದ ಮೋರಿ, ಆಚೆ ಮನೆಯವರ ಒರಳುಕಲ್ಲು. ಅದರ ಮಾತೇ ಇಲ್ಲ.

ನಾನು ಹೋಗಿ ಅವರ ಎಡಕ್ಕೆ ನಿಂತೆ. ಅವರಿಗೆ ಗೊತ್ತಾಯಿತೋ ಇಲ್ಲವೋ, ತಿರುಗಿ ನೋಡಲಿಲ್ಲ. ಅವರು ಬಲಗಡೆಯದನ್ನು ಕೂಗಿ ಹೇಳಿದರು, ನಾನು ಎಡಗಡೆಯದನ್ನು. ಇಬ್ಬರೂ ಹಾಗೆ ಕೂಗುತ್ತಾ ಕೂಗುತ್ತಾ ಕಾರನ್ನು ಎಲ್ಲಿಗೂ ಸೋಕಿಸದೆ ರಸ್ತೆಗೆ ತಲುಪಿಸಿದೆವು.